ಒಂದು ಸಿಗರೇಟಿನಷ್ಟು ಮಾತು

ನಮ್ಮೂರ ಚಾವಡಿಯ ಸೂರಿನ ಕೆಳಗೆ ಹೊಗೆಯಿಲ್ಲದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಬಾಯಿ ಆಡುತ್ತದೆ, ಕೈ ಆಡುತ್ತದೆ, ಕೊರಳ ನರ ಉಬ್ಬುತ್ತದೆ. ಪಕ್ಕದಲ್ಲಿ ಕೂತವನಿಗೂ ಏನೂ ಕೇಳಿಸುವುದಿಲ್ಲ. ಚಿಲುಮೆ ಹಚ್ಚಿ, ಒಂದು ದಮ್ಮು ಎಳೆದು, ಹೊಗೆಯ ಜೊತೆ ಬಿಟ್ಟ ಮಾತು ಮಾತ್ರ ಕಂಬದಿಂದ ಕಂಬಕ್ಕೆ ನಡೆದುಹೋಗಿ ಹಿಂದಿನ ಸಾಲಿನ ಮುದುಕರನ್ನೂ ಮುಟ್ಟುತ್ತದೆ. ಮೆಟ್ಟಿಲಿಳಿದು ಹೊರಗೆ ಬಂದರೆ ಎಲ್ಲ ಊರುಗಳ ಹಾಗೆಯೇ, ಯಾರು ಏನೇ ಅಂದರೂ ಕೇಳಿಸುತ್ತದೆ. ಹಾಗಾದರೆ ಹೊರಗೇ ಕೂತು ಪಂಚಾಯ್ತಿ ಮಾಡಬಹುದಲ್ಲ ಎಂದು ಪರವೂರಿನವರು ಕೇಳುವುದುಂಟು. ಹೊರಗೆ ಆಡಿದ್ದು ಹರಟೆ, ಒಳಗೆ ಆಡಿದ್ದು ಮಾತು. ಹರಟೆಯ ಮೇಲೆ ಯಾರಾದರೂ ಹೊಲ ಹಂಚುತ್ತಾರೆಯೇ, ಹೆಣ್ಣು ಕೊಡುತ್ತಾರೆಯೇ?

ಹೀಗಾಗಿ ನಮ್ಮಲ್ಲಿ ಮಾತು ಬೇಕಾದವರು ಚಿಲುಮೆ ಕಲಿಯುತ್ತಾರೆ, ಗಂಡಸರೂ ಹೆಂಗಸರೂ. ನಾನು ಕಲಿತಿರಲಿಲ್ಲ. ನನ್ನ ಅಪ್ಪನ ಅಕ್ಕ ರಾಚವ್ವ ಚಾವಡಿಯ ಮೆಟ್ಟಿಲ ಪಕ್ಕದಲ್ಲಿ ಹೊಗೆಸೊಪ್ಪಿನ ಅಂಗಡಿ ಇಟ್ಟಿದ್ದಳು. ಅಪ್ಪ ಅವ್ವ ಇಬ್ಬರೂ ಇಲ್ಲದ ನನ್ನನ್ನು ಸಾಕಿದವಳು ಆ ಅತ್ತೆಯೇ. ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ನನಗೆ ಅಕ್ಷರ ಕಾಣುತ್ತಿತ್ತು, ದನಿ ಬರುತ್ತಿರಲಿಲ್ಲ. ಮಾಸ್ತರರು ಇನ್ನೊಮ್ಮೆ ಓದು ಎನ್ನುವರು, ಹುಡುಗರು ನಗುವರು. ಒಂದು ದಿನ ಪಾಟಿಯನ್ನು ತಂದು ಅಂಗಡಿಯ ಮೂಲೆಯಲ್ಲಿಟ್ಟೆ. ಅತ್ತೆ ಏನೂ ಕೇಳದೆ ಸೊಪ್ಪು ಹೆಚ್ಚುವ ಕತ್ತಿ ಕೈಗೆ ಕೊಟ್ಟಳು. ಅಲ್ಲಿಂದ ಇಲ್ಲಿಯವರೆಗೆ, ಇಪ್ಪತ್ತು ದಾಟುವವರೆಗೆ, ಬೇರೆಯವರ ಮಾತಿಗೆ ಚಿಲುಮೆ ತುಂಬುವುದೇ ನನ್ನ ಕೆಲಸವಾಗಿತ್ತು.

ಅದು ಬರೀ ಸೊಪ್ಪು ತುರುಕುವ ಕೆಲಸವಲ್ಲ. ಸಾಲ ಕೇಳಲು ಹೋಗುವವನಿಗೆ ಬೆಲ್ಲದ ಪಾಕ ಹೆಚ್ಚು ಹಾಕಿದ ಮೆದು ಸೊಪ್ಪು ಬೇಕು. ಬದುವಿನ ಜಗಳಕ್ಕೆ ಹೋಗುವವನಿಗೆ ಖಾರದ್ದು, ಬಿಗಿಯಾಗಿ ಒತ್ತಿದ್ದು. ಮಾತು ಎತ್ತಿ ಮುಗಿಸಲು ಬಾರದ ಸಂಗಪ್ಪಜ್ಜನಂಥವರಿಗೆ ಸಡಿಲ ತುಂಬುತ್ತಿದ್ದೆ, ಬೇಗ ಉರಿದು ಹೋಗಲಿ ಎಂದು. ಅವನಿಗೂ ಅದು ಗೊತ್ತಿತ್ತು. "ಚೆನ್ನೀ, ನೀ ನನ್ನ ಮಾತಿನ ಬಾಲ ಕೊಯ್ಯಾಕತ್ತೀದಿ ನೋಡು" ಎನ್ನುತ್ತಿದ್ದ. ಅತ್ತೆ ಒಳಗಿನಿಂದ, "ಬಾಲ ಕೊಯ್ದರ ಸಂಗಣ್ಣಾ, ತಲಿ ಎಲ್ಲೈತಿ ಅಂತಾದ್ರೂ ಗೊತ್ತಾಕ್ಕತಿ" ಎನ್ನುವಳು. ನಾನು ಚಾವಡಿಯ ಹೊಸ್ತಿಲಲ್ಲಿ ಕೆಂಡದ ಬಟ್ಟಲು ಹಿಡಿದು ಕೂತಿರುತ್ತಿದ್ದೆ. ಒಳಗೆ ಯಾರು ಏನು ಅಂದರು, ಅನ್ನುವಾಗ ಯಾರ ಮುಖ ನೋಡಿದರು, ಎಲ್ಲ ನನಗೆ ಗೊತ್ತಿರುತ್ತಿತ್ತು. ಯಾರೂ ನನ್ನನ್ನು ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಆ ವರ್ಷ ರಾಜಧಾನಿಯಿಂದ ತಂಬಾಕಿನ ಕಾಯ್ದೆ ಬಂತು. ಪ್ರತಿ ಊರಿನ ಚಾವಡಿಯೂ ಅದನ್ನು ಒಪ್ಪಬೇಕು ಇಲ್ಲವೇ ಬಿಡಬೇಕು ಎಂದಿತ್ತಂತೆ. ಕಾಯ್ದೆಯ ಜೊತೆಗೆ ಇಬ್ಬರು ಬಂದರು. ಒಬ್ಬಳು ಆರೋಗ್ಯ ಇಲಾಖೆಯ ಡಾಕ್ಟರು, ಮಂದಾಕಿನಿ ಎಂದು ಹೆಸರು. ಸಪೂರ ಹೆಂಗಸು, ಬಗಲಲ್ಲಿ ಸುರುಳಿ ಸುತ್ತಿದ ಚಿತ್ರಗಳು. ಇನ್ನೊಬ್ಬ ಸಿಗರೇಟು ಕಂಪನಿಯ ಏಜೆಂಟ್ ಮಹಾಂತೇಶ. ಅವನು ಡಾಕ್ಟರಿಗಿಂತ ಮೊದಲೇ ಬಂದು ಊರಲ್ಲಿ ಮನೆ ಹಿಡಿದಿದ್ದ, ಎಲ್ಲರ ಜಗಲಿಯ ಮೇಲೂ ಕೂತೆದ್ದಿದ್ದ. ಚಾವಡಿಯ ರೀತಿ ತಿಳಿದುಕೊಂಡು ನಮ್ಮ ಅಂಗಡಿಗೇ ಬಂದು, "ಅಕ್ಕಾರ, ಎಲ್ಲಾರೂ ಹೌದು ಅನ್ನೂವಂಥಾದ್ದು ಒಂದು ತುಂಬಿಕೊಡ್ರಿ" ಎಂದ. ಅತ್ತೆಗೆ ಗಿರಾಕಿ ಎಂದರೆ ಗಿರಾಕಿ. ನಾನೇ ತುಂಬಿಕೊಟ್ಟೆ, ಪಾಕ ಜಿನುಗುವಂಥದ್ದು.

ಡಾಕ್ಟರಿಗೂ ಅತ್ತೆ ಚಿಲುಮೆ ನೀಡಿದಳು. "ಹಿಡೀರಿ ಡಾಕ್ಟರಬಾಯಿ, ಇಲ್ಲಂದ್ರ ಕೇಳ್ಸೂದಿಲ್ಲ."

"ಇದನ್ನ ಬಿಡಿ ಅಂತ ಹೇಳೋಕೇ ನಾನು ಬಂದಿರೋದು ತಾಯಿ" ಎಂದು ಡಾಕ್ಟರು ನಕ್ಕಳು. ಅವಳು ನಮ್ಮ ಮಾತನ್ನು ಊರಿನ ಮೂಢನಂಬಿಕೆ ಎಂದುಕೊಂಡಳೋ ಏನೋ, ಹಾಗೆಯೇ ಮೆಟ್ಟಿಲು ಹತ್ತಿದಳು.

ಚಾವಡಿಯಲ್ಲಿ ಕುಲಕರ್ಣಿ ಚಿಲುಮೆ ಎಳೆದು ಕಾಯ್ದೆ ಓದಿದ. ಇನ್ನು ಮುಂದೆ ಚಾವಡಿಯೊಳಗೆ ತಂಬಾಕಿನ ಹೊಗೆ ಇರಕೂಡದು ಎಂಬುದು ಅದರ ಸಾರ. ಆಮೇಲೆ ಡಾಕ್ಟರು ಎದ್ದಳು. ಚಿತ್ರಗಳನ್ನು ಒಂದೊಂದಾಗಿ ಬಿಚ್ಚಿದಳು. ಸುಟ್ಟ ರೊಟ್ಟಿಯಂಥ ಪುಪ್ಪುಸ, ಹುಣ್ಣಾದ ನಾಲಿಗೆ. ಬಹಳ ಹೊತ್ತು ಮಾತಾಡಿದಳು, ಮನಸ್ಸಿಟ್ಟು ಮಾತಾಡಿದಳು. ನನಗೆ ಅದು ಅವಳ ಕೈಬೆರಳಿನಲ್ಲೇ ಕಾಣುತ್ತಿತ್ತು. ಒಂದಕ್ಷರವೂ ಕೇಳಿಸಲಿಲ್ಲ. ಆದರೆ ಬಂದ ಅತಿಥಿ, ಅಥವಾ ವಯಸ್ಸಾದವರು, ನಿಂತು ಬಾಯಿ ಆಡಿಸುತ್ತಿರುವಾಗ ಸುಮ್ಮನೆ ಮುಖ ನೋಡುತ್ತ ಕೂರುವುದು ನಮ್ಮಲ್ಲಿ ಅವಮಾನ. ಕೇಳಿಸಲಿ ಬಿಡಲಿ, ಗೋಣು ಆಡಿಸಬೇಕು. ಎಲ್ಲರೂ ಆಡಿಸಿದರು. ಸಂಗಪ್ಪಜ್ಜನಂತೂ ನಡುನಡುವೆ ಕಣ್ಣೊರೆಸಿಕೊಂಡ. ಮತ್ತು ನಮ್ಮ ಚಾವಡಿಯಲ್ಲಿ ಸಭೆಯ ಗೋಣು ಆಡಿತೆಂದರೆ, ಕೊನೆಗೆ ಕಿವಿಗೆ ಬಿದ್ದ ಮಾತು ಯಾವುದೋ ಅದಕ್ಕೆ ಒಪ್ಪಿಗೆ ಬಿತ್ತೆಂದೇ ಲೆಕ್ಕ. ಕೊನೆಗೆ ಕಿವಿಗೆ ಬಿದ್ದದ್ದು ಕುಲಕರ್ಣಿ ಓದಿದ ಕಾಯ್ದೆ. ಗೌಡರಾದ ಅಡಿವೆಪ್ಪನವರು ಎಚ್ಚೆತ್ತು ನೋಡುವಷ್ಟರಲ್ಲಿ ಕುಲಕರ್ಣಿ ಬರೆದು ಮುಗಿಸಿದ್ದ.

ಆಗ ಮಹಾಂತೇಶ ನಾನು ತುಂಬಿಕೊಟ್ಟ ಚಿಲುಮೆ ಹಚ್ಚಿದ. ಕಾಯ್ದೆ ಆಗಿದ್ದು ಒಳ್ಳೆಯದೇ ಎಂದ. ಆದರೆ ಮಾತಿಲ್ಲದೆ ಚಾವಡಿ ನಡೆಯುವುದು ಹೇಗೆ ಎಂದ. ಬಿಡಿ ಸೊಪ್ಪಿನಲ್ಲಿ ಯಾರು ಏನು ಬೆರೆಸುತ್ತಾರೋ ದೇವರಿಗೇ ಗೊತ್ತು, ಆದರೆ ಮೊಹರು ಹಾಕಿದ ಪ್ಯಾಕೆಟ್ಟಿನಲ್ಲಿ ಏನಿದೆಯೆಂದು ಸರಕಾರಕ್ಕೆ ಗೊತ್ತು, ಅದರ ಮೇಲೆ ಎಚ್ಚರಿಕೆಯ ಚಿತ್ರವೂ ಇದೆ ಎಂದ. ಅಂಥ ಸಿಗರೇಟಿಗೆ ಮಾತ್ರ ವಿನಾಯ್ತಿ ಇರಲಿ, ಡಾಕ್ಟರಬಾಯಿಯವರ ಮಾತಿಗೆ ಗೌರವ ಕೊಟ್ಟು ಒಂದು ವಿಷಯಕ್ಕೆ ಒಬ್ಬರಿಗೆ ಒಂದೇ ಸಿಗರೇಟು ಇರಲಿ ಎಂದ. ಪಾಕದ ಹೊಗೆ ತೊಲೆಗಳ ನಡುವೆ ತೇಲಾಡಿತು. ಗೋಣುಗಳು ಇನ್ನೂ ಆಡುತ್ತಲೇ ಇದ್ದವು. ಕುಲಕರ್ಣಿಯ ಕಾಗದದಲ್ಲಿ ಆ ವಿನಾಯ್ತಿಗಾಗಿ ರಾಜಧಾನಿಯಿಂದಲೇ ಜಾಗ ಬಿಟ್ಟು ಬಂದಿತ್ತು.

ಮೆಟ್ಟಿಲಿಳಿದ ಮೇಲೆ ಡಾಕ್ಟರಿಗೆ ಆದದ್ದೇನೆಂದು ತಿಳಿಯಿತು. ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. "ನಾನು ಎರಡೂ ಬೇಡ ಅಂದೆ. ಮೊದಲು ಆ ಪ್ಯಾಕೆಟ್ಟು ಬೇಡ ಅಂದೆ" ಎಂದಳು. ಅತ್ತೆ ನೀರು ಕೊಟ್ಟಳು. ಕೊಡುವಾಗ ಕೆಮ್ಮಿದಳು. ಡಾಕ್ಟರು ತಲೆಯೆತ್ತಿ, "ಈ ಕೆಮ್ಮು ಯಾವಾಗಿಂದ?" ಎಂದಳು.

"ಚಿಲುಮಿಗಿಂತ ವಯಸ್ಸಿನಾಗ ಸಣ್ಣದೈತ್ರಿ" ಎಂದಳು ಅತ್ತೆ.

ಡಾಕ್ಟರು ಅವಳ ಎದೆಗೆ ಕೊಳವೆಯಿಟ್ಟು ಕೇಳಿದಳು, ಬಿಡಲೇಬೇಕು ಎಂದಳು. ಹೊರಗೆ ಆಡಿದ ಆ ಮಾತು ಸ್ಪಷ್ಟವಾಗಿಯೇ ಕೇಳಿಸಿತು. ಅದು ಸುಳ್ಳು ಎಂದು ನನಗೆ ಅನಿಸಲಿಲ್ಲ. ಸಂಜೆಯ ಬಸ್ಸಿಗೆ ಅವಳು ಹೋದಳು.

ಚಾವಡಿ ಬದಲಾಯಿತು. ಸಿಗರೇಟಿನ ಹೊಗೆ ತೆಳುವು. ಅದರ ಮೇಲೆ ಎರಡು ಮೂರು ಶಬ್ದ ಕೂರುತ್ತವೆ, ಆಮೇಲೆ ಬಾಯಿ ಬರೀ ಆಡುತ್ತದೆ. ಮಾತಿಗೆ ಮೊದಲು ಸಭೆಗೆ ಶರಣು ಹೇಳುವವರ ಸಿಗರೇಟು ಶರಣಿಗೇ ಮುಗಿದುಹೋಗುತ್ತಿತ್ತು. ಜನ ಬೇಗ ಕಲಿತರು. ಆಗಲಿ, ಹೌದು, ಒಪ್ಪಿದೆ ಎಂಬ ಮಾತುಗಳು ಹೊಗೆಗೆ ಸಲೀಸಾಗಿ ಒಗ್ಗಿದವು. ಮುಂಚೆ ಊಟದ ಹೊತ್ತು ಮೀರುತ್ತಿದ್ದ ಪಂಚಾಯ್ತಿ ಈಗ ಎಮ್ಮೆ ಹಿಂಡುವ ಮೊದಲೇ ಮುಗಿಯತೊಡಗಿತು. ಕಂಪನಿಗೆ ಕೆರೆಯಾಚೆಯ ಜಾಗ ಹೀಗೆಯೇ ಹೋಯಿತು. ಯಾಕೆ ಎಂದು ಕೇಳಲು ಎದ್ದವರು ಇದ್ದರು, 'ಯಾಕೆ' ಎಂಬ ಶಬ್ದವೂ ಕೇಳಿಸಿತು, ಆದರೆ ಉತ್ತರ ಹೇಳುವಷ್ಟು ಹೊಗೆ ಯಾರಲ್ಲೂ ಇರಲಿಲ್ಲ. ಚಿಲುಮೆ ಮಾಡುತ್ತಿದ್ದ ಕುಂಬಾರ ನಿಂಗಪ್ಪ ಅದೇ ಮಣ್ಣಿನಲ್ಲಿ ಹಣತೆ ಮಾಡತೊಡಗಿದ. ಸಂಗಪ್ಪಜ್ಜ ಮತ್ತು ಅವನ ಜೊತೆಯವರು ನಮ್ಮ ಕಟ್ಟೆಗೆ ಬಂದು ಚಿಲುಮೆ ಸೇದುತ್ತಿದ್ದರು. ಕಟ್ಟೆಯ ಮೇಲೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಅಲ್ಲಿ ಹೇಳಬೇಕಾದ್ದೇನೂ ಇರಲಿಲ್ಲ. "ಬಿಸಲು ಜೋರೈತಿ" ಎಂದು ಒಬ್ಬ ಎಂದರೆ, ಇಷ್ಟು ಒಳ್ಳೆಯ ಸೊಪ್ಪು ಸೇದಿ ಇದನ್ನು ಹೇಳಬೇಕೇ ಎಂಬಂತೆ ಇನ್ನೊಬ್ಬ ನೋಡುತ್ತಿದ್ದ.

ಮಹಾಂತೇಶನಿಗೆ ಊರೆಲ್ಲ ಸಿಕ್ಕಿತ್ತು, ನಮ್ಮ ಅಂಗಡಿಯೊಂದು ಸಿಕ್ಕಿರಲಿಲ್ಲ. ಚಾವಡಿಯ ಮೆಟ್ಟಿಲ ಪಕ್ಕದ ಆ ಜಾಗದಲ್ಲಿ ಕಂಪನಿಯ ಬೋರ್ಡು ಬೇಕು ಎಂದು ಅವನು ಕೇಳಿದ್ದ. ಅತ್ತೆ ತಾನು ಕೂರುವ ಹಲಗೆ ತಟ್ಟಿ ಆಗದು ಎಂದಿದ್ದಳು. "ಪ್ಯಾಕೆಟ್ಟು ಈ ಹಲಗಿ ಮ್ಯಾಲೆ ಬಂದ್ರ ನಾ ಕೆಳಗ ಇಳೀತೀನಿ" ಎಂದಿದ್ದಳು. ಅವನು ನಕ್ಕು ಹೋದ. ಅತ್ತೆಯ ನಂತರ ಅಂಗಡಿ ನನ್ನದೇ ಎಂದು ಅವನಿಗೆ ಗೊತ್ತಿತ್ತು. ಎರಡು ಅಮಾವಾಸ್ಯೆ ಕಳೆದ ಮೇಲೆ ಅವನ ಹೆಂಡತಿಯ ತಮ್ಮ ಈರಣ್ಣನಿಗೆ ನನ್ನನ್ನು ಕೇಳಿಕೊಂಡು ಬಂದ. ಈರಣ್ಣ ಕಂಪನಿಯ ಗೋದಾಮು ನೋಡಿಕೊಳ್ಳುವವನು. ಕೆಟ್ಟವನಲ್ಲ. ದಾರಿಯಲ್ಲಿ ಕಂಡರೆ ತಾನೇ ಬದಿಗೆ ಸರಿದು ನಿಲ್ಲುವಂಥವನು. ನನಗೆ ಅವನು ಬೇಡವಾಗಿತ್ತು. ಅವನ ಅಕ್ಕನ ಮನೆಯ ಅಡಿಗೆಮನೆ ಬೇಡವಾಗಿತ್ತು. ಸೊಪ್ಪು ಹೆಚ್ಚುತ್ತ, ಬಂದುಹೋಗುವವರನ್ನು ನೋಡುತ್ತ ಕೂತಿರುವುದೇ ನನಗೆ ಬೇಕಾಗಿತ್ತು. ಇದನ್ನು ಕಾರಣ ಎಂದು ಯಾರಾದರೂ ಒಪ್ಪುತ್ತಾರೆಯೇ?

ಅತ್ತೆ ಕೇಳಿದಳು, "ಏನವಾ, ಮನಸೈತೇನು?"

ನಾನು ಇಲ್ಲ ಎಂದು ತಲೆಯಾಡಿಸಿದೆ.

"ಹಂಗಂದ್ರ ಚಾವಡ್ಯಾಗ ಹೇಳಬೇಕಾಕ್ಕತಿ. ಸುಮ್ಮನಿದ್ರ ಒಪ್ಪಿಗಿ ಅಂತ ಬರಕೋತಾರ." ನನ್ನ ಮುಖ ನೋಡಿ, "ನೀ ಹೆದರಬ್ಯಾಡ, ನಾ ಹೇಳ್ತೀನಿ" ಎಂದಳು.

ಅಂದಿನಿಂದ ಅವಳು ತನ್ನ ಮಾತನ್ನು ಹದ ಮಾಡತೊಡಗಿದಳು. ಪಾಕ ಕುದಿಸುವಾಗ, ಸೊಪ್ಪು ಮಗುಚುವಾಗ ತುಟಿ ಆಡುತ್ತಿತ್ತು. ಅವಳ ಕಾಲದಲ್ಲಿ ರಾಚವ್ವ ಚಿಲುಮೆ ಹಚ್ಚಿದಳೆಂದರೆ ಬೀದಿಯಲ್ಲಿ ಹೋಗುವವರು ಚಾವಡಿಗೆ ಬಂದು ಕೂರುತ್ತಿದ್ದರಂತೆ. ಅಂಥ ಮಾತನ್ನು ಒಂದು ಸಿಗರೇಟಿಗೆ ಇಳಿಸುವುದು ಹೇಗೆಂದು ಅವಳಿಗೆ ತಿಳಿಯುತ್ತಿರಲಿಲ್ಲ. "ತಾಯಿ ಇಲ್ಲದ ಕೂಸು ಅಂತ ಬ್ಯಾಡ, ಅದು ಎಲ್ಲಾರಿಗೂ ಗೊತ್ತೈತಿ" ಎಂದು ಒಮ್ಮೆ ಬಿಡುತ್ತಿದ್ದಳು. "ಆದ್ರ ಅದ ಬಿಟ್ರ ಉಳಿದದ್ದು ನಿಂದ್ರೂದಿಲ್ಲಲ್ಲ" ಎಂದು ಮತ್ತೆ ಸೇರಿಸುತ್ತಿದ್ದಳು. ಬರೀ ಬೇಡ ಅನ್ನು ಎಂದು ನನಗೆ ಹೇಳಬೇಕೆನಿಸಿತು. ಆದರೆ ಬರೀ ಬೇಡ ಅನ್ನುವುದು ರಾಚವ್ವನಂಥವಳಿಗೆ ಬರಿಗಾಲಲ್ಲಿ ಮದುವೆ ಮನೆಗೆ ಹೋದ ಹಾಗೆ.

ಮಾತುಕತೆಯ ದಿನ ಚಾವಡಿ ತುಂಬಿತ್ತು. ಬಾಗಿಲಲ್ಲಿ ಮಹಾಂತೇಶನ ಆಳು ಬಂದವರಿಗೆಲ್ಲ ಒಂದೊಂದು ಪ್ಯಾಕೆಟ್ಟು ಕೊಡುತ್ತಿದ್ದ. ಮಾತುಕತೆಯ ಹುಡುಗಿಯೆಂದು ನನಗೂ ಕೊಟ್ಟ. ನಾನು ಎಂದಿನಂತೆ ಕೆಂಡದ ಬಟ್ಟಲು ಹಿಡಿದು ಹೊಸ್ತಿಲ ಬಳಿ ಕೂತೆ. ಗೌಡರು ಸಿಗರೇಟು ಹಚ್ಚಿ, "ಈರಣ್ಣಗ ಚೆನ್ನಿ, ಆಗಬಹುದೇನು?" ಎಂದರು. ಅವರದು ಅಲ್ಲಿಗೆ ಮುಗಿಯಿತು. ಮಹಾಂತೇಶ ತನ್ನದನ್ನು ಹಚ್ಚಿ, "ಹುಡುಗ ಬಂಗಾರ" ಎಂದು ನಮಸ್ಕಾರ ಮಾಡಿ ಕೂತ. ಅವನು ಚೆನ್ನಾಗಿ ಕಲಿತಿದ್ದ.

ಅತ್ತೆ ಎದ್ದಳು. ಸೆರಗು ಸರಿಮಾಡಿಕೊಂಡಳು. ಸಿಗರೇಟನ್ನು ಚಿಲುಮೆಯ ಹಾಗೆ ಎರಡು ಕೈಯಲ್ಲಿ ಹಿಡಿದಳು, ಎಳೆದಳು. "ಕೂತಂಥಾ ಹಿರಿಯರ—" ಎಂದಳು. ಕೆಮ್ಮು ಬಂತು. ಕೆಮ್ಮಿನ ಜೊತೆ ಇದ್ದ ಹೊಗೆಯೆಲ್ಲ ಹೊರಟುಹೋಯಿತು. ಮತ್ತೆ ಎಳೆದಳು, ಕಿಡಿ ಬೆರಳಿನ ಹತ್ತಿರ ಬಂದು ಆರಿತು. ಆದರೂ ಅವಳು ನಿಲ್ಲಿಸಲಿಲ್ಲ. ಒಂದು ಕೈ ಎದೆಗೆ ಹೋಯಿತು, ಒಂದು ಕೈ ನನ್ನ ಕಡೆ ಚಾಚಿತು, ಬಾಯಿ ಆಡುತ್ತಲೇ ಇತ್ತು. ಏನೂ ಕೇಳಿಸಲಿಲ್ಲ. ವಯಸ್ಸಾದ ಹೆಂಗಸು ನಿಂತು ಬಾಯಿ ಆಡಿಸುತ್ತಿದ್ದಾಳೆಂದು ಮೊದಲ ಸಾಲಿನಲ್ಲಿ ಒಬ್ಬರು ಗೌರವದಿಂದ ಗೋಣು ಆಡಿಸಿದರು. ಆಮೇಲೆ ಪಕ್ಕದವರು. ಆಮೇಲೆ ಸಂಗಪ್ಪಜ್ಜ, ಪಾಪ, ಎಲ್ಲರಿಗಿಂತ ಜೋರಾಗಿ.

ಅತ್ತೆಯ ಎರಡು ಶಬ್ದದಲ್ಲಿ ಹೌದೂ ಇರಲಿಲ್ಲ, ಅಲ್ಲವೂ ಇರಲಿಲ್ಲ. ಅದಕ್ಕೂ ಮೊದಲು ಕೇಳಿಸಿದ್ದು ಹುಡುಗ ಬಂಗಾರ ಎಂಬುದು. ಕುಲಕರ್ಣಿ ಮಸಿಯಲ್ಲಿ ಲೇಖನಿ ಅದ್ದಿದ್ದನ್ನು ನಾನು ನೋಡಿದೆ. ಅದ್ದಿ, ಹೆಚ್ಚಾದ ಹನಿಯನ್ನು ದೌತಿಯ ಅಂಚಿಗೆ ಒರೆಸಿದ.

ನಾನು ಕೆಂಡದಿಂದಲೇ ಸಿಗರೇಟು ಹಚ್ಚಿಕೊಂಡೆ. ಎಷ್ಟೋ ಜನರಿಗೆ ಹಚ್ಚಿಕೊಟ್ಟ ಕೈ, ತಡವಾಗಲಿಲ್ಲ. ಹೊಸ್ತಿಲು ದಾಟಿ ಒಳಗೆ ನಿಂತೆ. ಬಾಯಿತುಂಬ ಕಹಿ ಬಂತು.

"ನಾ ಒಲ್ಲೆ" ಎಂದೆ.

ಅದು ಕಂಬಗಳನ್ನು ದಾಟಿ ಹಿಂದಿನ ಗೋಡೆಗೆ ಹೋಗಿ ಮುಟ್ಟಿದ್ದು ನನಗೇ ಕೇಳಿಸಿತು. ನನ್ನ ದನಿ ಇಷ್ಟು ದಪ್ಪವೆಂದು ಗೊತ್ತಿರಲಿಲ್ಲ. ಸಿಗರೇಟಿನಲ್ಲಿ ಹೊಗೆ ಇನ್ನೂ ಸ್ವಲ್ಪ ಉಳಿದಿತ್ತು. ನನ್ನಲ್ಲಿ ಮಾತು ಉಳಿದಿರಲಿಲ್ಲ.

ಗೌಡರು ಯಾಕೆ ಎಂದು ಕೇಳಿದರೆಂದು ತುಟಿಯಲ್ಲಿ ಕಂಡಿತು. ಅವರ ಸಿಗರೇಟು ಆಗಲೇ ಮುಗಿದಿತ್ತು. ಮಹಾಂತೇಶ ಎದ್ದ. ಅವನ ಪಾಲಿನದೂ ಮುಗಿದಿತ್ತು. ಕೈಮುಗಿದ, ನನ್ನ ಕಡೆ ನೋಡಿ ನಕ್ಕ, ಸಭೆಯ ಎಲ್ಲ ದಿಕ್ಕಿಗೂ ತಿರುಗಿ ಬಹಳ ಚಂದವಾಗಿ ಬಾಯಿ ಆಡಿಸಿದ. ಚಿಲುಮೆಯ ಕಾಲದಲ್ಲಿ ಒಲ್ಲೆ ಎಂದ ಹುಡುಗಿಯರಿದ್ದರು. ನಾನೇ ಹೊಸ್ತಿಲಲ್ಲಿ ಕೂತು ನೋಡಿದ್ದೇನೆ. ಒಬ್ಬರಾದ ಮೇಲೆ ಒಬ್ಬರು ಪಾಕದ ಹೊಗೆ ಬಿಡುತ್ತ, ಬೆನ್ನು ಸವರಿದಂಥ ಮಾತಾಡುತ್ತ, ಕೆಂಡ ಆರುವುದರೊಳಗೆ ಆ ಹುಡುಗಿಯಿಂದ ಹೂಂ ಅನ್ನಿಸುತ್ತಿದ್ದರು. ಆ ಪಾಕವನ್ನು ಕುದಿಸಿದವಳು ನಾನು. ಮಹಾಂತೇಶ ಅಂಥದ್ದನ್ನೇ ಏನೋ ಹೇಳುತ್ತಿದ್ದ. ಕೇಳಿಸುತ್ತಿರಲಿಲ್ಲ. ಆದರೆ ದೊಡ್ಡ ಮನುಷ್ಯ ನಿಂತು ಮಾತಾಡುತ್ತಿದ್ದಾನೆಂದು ಸಭೆ ರೀತಿ ಬಿಡದೆ ಗೋಣು ಆಡಿಸಿತು. ಎಲ್ಲರೂ ಆಡಿಸಿದರು, ಈರಣ್ಣನೂ ಆಡಿಸಿದ. ಕೊನೆಗೆ ಕಿವಿಗೆ ಬಿದ್ದ ಮಾತು ಯಾವುದೆಂದು ಕುಲಕರ್ಣಿ ಒಂದು ಗಳಿಗೆ ಯೋಚಿಸಿದ. ಆಮೇಲೆ ನನ್ನ 'ಒಲ್ಲೆ'ಯನ್ನು ಬರೆದ.

ಮೆಟ್ಟಿಲಿಳಿಯುವಾಗ ಅತ್ತೆ ನನ್ನ ಕೈ ಹಿಡಿದಿದ್ದಳು. ನಾನು ಬೀಳುತ್ತೇನೆಂದೋ, ತಾನು ಬೀಳುತ್ತೇನೆಂದೋ ತಿಳಿಯಲಿಲ್ಲ. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಉಸಿರು ಸುಧಾರಿಸಿಕೊಂಡಳು.

"ನನ್ನ ಮಾತು ಹಂಗ ಉಳೀತಲ್ಲವಾ" ಎಂದಳು.

"ಇಲ್ಲೇ ಹೇಳು" ಎಂದೆ.

ಸಂಗಪ್ಪಜ್ಜನೂ ಬಂದು ಕೂತ. ನಾನು ಅವಳ ಚಿಲುಮೆಯನ್ನು, ಅವಳಿಗೆ ಹಿಡಿಸುವ ಹಳೆಯ ಸೊಪ್ಪಿನಿಂದ, ಸಡಿಲವೂ ಅಲ್ಲದೆ ಬಿಗಿಯೂ ಅಲ್ಲದೆ ತುಂಬಿಕೊಟ್ಟೆ. ಅವಳು ಹೇಳಿದಳು. ನನ್ನ ಅವ್ವ ತೀರಿಕೊಂಡದ್ದನ್ನು ಹೇಳಿದಳು, ಅಂದು ನಾನು ಅಳದೆ ಬಾಗಿಲು ನೋಡುತ್ತ ಕೂತದ್ದನ್ನು ಹೇಳಿದಳು. ನನಗೆ ಗೊತ್ತಿಲ್ಲದ ಸಂಗತಿಗಳೂ ಇದ್ದವು. ಈ ಹುಡುಗಿ ಬಾಯಿಲ್ಲದವಳು, ಜನ ತುಂಬಿದ ಮನೆಯಲ್ಲಿ ಕಳೆದುಹೋಗುತ್ತಾಳೆ, ತನ್ನ ಕಣ್ಣು ಮುಚ್ಚುವವರೆಗಾದರೂ ತನ್ನ ಹತ್ತಿರ ಇರಲಿ ಎಂದಳು. ಸಂಗಪ್ಪಜ್ಜ ಈ ಸಲ ನಿಜವಾಗಿ ಕಣ್ಣೊರೆಸಿಕೊಂಡ. ಕೊನೆಗೆ ಅತ್ತೆ ಚಿಲುಮೆ ಇಳಿಸಿ ಕೈಮುಗಿದು, ಚಾವಡಿಯಲ್ಲಿ ಎಲ್ಲ ದೊಡ್ಡ ಮಾತುಗಾರರೂ ಮುಗಿಸುವ ಹಾಗೆಯೇ ಮುಗಿಸಿದಳು. "ಇಷ್ಟು ನನ್ನ ಅರಿಕಿ. ಇದರ ಮ್ಯಾಲ ಹಿರಿಯರು ಹೆಂಗಂತೀರಿ ಹಂಗ. ನಾ ಮೀರಾಕಿ ಅಲ್ಲ."

ಚಂದದ ಮಾತಾಗಿತ್ತು, ಬೇಡ ಎಂಬ ಶಬ್ದ ಮಾತ್ರ ಅದರಲ್ಲಿರಲಿಲ್ಲ. ನಾನು ಚಿಲುಮೆಯ ಬೂದಿ ಕೊಡವಿದೆ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಗೌಡರ ಹೆಂಡತಿ ತುಂಗವ್ವ ಬಂದಳು. ಗೌಡರ ಮನೆಯ ಹೆಂಗಸು ಅಂಗಡಿಯ ಮುಂದೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ತಲೆಯೆಲ್ಲ ಬೆಳ್ಳಗಾಗಿದೆ, ಮೊಮ್ಮಕ್ಕಳಿಗೆ ಮದುವೆಯಾಗಿದೆ. ತಲೆಯ ಮೇಲಿನ ಸೆರಗನ್ನು ಹಿಡಿದುಕೊಂಡೇ, "ಆ ಬಿಳೇದು ಒಂದ ಕೊಡ ರಾಚವ್ವಾ" ಎಂದಳು.

"ಅದನ್ನ ನಾವು ಇಡೂದಿಲ್ರಿ ಗೌಡತಿ" ಎಂದಳು ಅತ್ತೆ. "ಚಿಲುಮಿ ತುಂಬಿ ಕೊಡ್ಲೇನು? ಮನ್ಯಾಗ ಸೇದ್ರಿ."

"ಚಿಲುಮಿ ಬ್ಯಾಡ. ನಂದೇನು ಅಷ್ಟ ದೊಡ್ಡ ಮಾತಿಲ್ಲ."

ಅತ್ತೆ ಅವಳನ್ನು ನೋಡಿದಳು. ಚಾವಡಿಯ ಕಡೆ ನೋಡಿದಳು. ಇವತ್ತು ಅಲ್ಲಿ ಗೌಡರ ಮನೆಯ ಹೊಲದ ವಿಷಯವಿತ್ತು, ತುಂಗವ್ವನ ತವರಿನಿಂದ ಬಂದದ್ದು. ಕಂಪನಿಗೆ ಕೊಡುವುದೆಂದು ಊರಿಗೆಲ್ಲ ಗೊತ್ತಿತ್ತು. ನಾನು ನಿನ್ನೆಯ ಪ್ಯಾಕೆಟ್ಟನ್ನು ಮಡಿಲಿನಿಂದ ತೆಗೆದು ಹಲಗೆಯ ಮೇಲಿಟ್ಟೆ. ಅತ್ತೆ ಅದನ್ನು ಅತ್ತ ತಳ್ಳಲಿಲ್ಲ. ಹಲಗೆಯಿಂದ ಕೆಳಗೆ ಇಳಿಯಲೂ ಇಲ್ಲ. ತಾನೇ ಒಂದನ್ನು ತೆಗೆದು, ಬೆರಳುಗಳ ನಡುವೆ ಉರುಳಿಸಿ ನೋಡಿ, ಇದರಲ್ಲೇನು ಸೊಪ್ಪಿದೆ ಎಂಬಂತೆ ಮೂಗು ಮುರಿದು ತುಂಗವ್ವನಿಗೆ ಕೊಟ್ಟಳು.

"ಶರಣು ಗಿರಣು ಅನ್ನಾಕ ಹೋಗಬ್ಯಾಡ್ರಿ" ಎಂದಳು. "ಮೊದಲ ದಮ್ಮಿಗೇ ಹೇಳಿಬಿಡ್ರಿ."